ಹತ್ತು ಕಿಲೋಮೀಟರಿನ ಲೆಕ್ಕ

ಪ್ರಶ್ನೆ: ವೇಗಮಿತಿಯನ್ನು 60ರಿಂದ 50 ಕಿ.ಮೀ.ಗೆ ಇಳಿಸಿದರೆ ಅಪಘಾತದ ಗಾಯ ನಿಜಕ್ಕೂ ಕಡಿಮೆಯಾಗುತ್ತದೆಯೇ? ಹತ್ತು ಕಿ.ಮೀ. ಯಾವ ಲೆಕ್ಕ?

ಉತ್ತರ: ದೊಡ್ಡ ಲೆಕ್ಕವೇ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; 60ರ ಬದಲು 50ರಲ್ಲಿ ಅದು ಸುಮಾರು 30% ಕಡಿಮೆ. ಒಣರಸ್ತೆಯಲ್ಲಿ ಅಕ್ಕಪಕ್ಕ ಎರಡು ಕಾರುಗಳು ಬರುತ್ತಿವೆ ಎನ್ನಿ. 28 ಮೀಟರ್ ಮುಂದೆ ಏನೋ ಅಡ್ಡ ಬಂತು. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ 50ರ ಕಾರು 14 ಮೀಟರ್, 60ರದ್ದು ಸುಮಾರು 17 ಮೀಟರ್ ದಾಟಿರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ 50ರದ್ದು ಅಡ್ಡಬಂದದ್ದರ ಮುಂದೆಯೇ ನಿಲ್ಲುತ್ತದೆ. ಅದೇ ಜಾಗದಲ್ಲಿ 60ರದ್ದು ಇನ್ನೂ 40ರ ವೇಗದಲ್ಲಿರುತ್ತದೆ! ಹೆಚ್ಚಿನವರು ಮರೆಯುವುದು ಇದನ್ನೇ.

ಕಾರಿನೊಳಗೆ ಬೆಲ್ಟ್, ಏರ್‌ಬ್ಯಾಗ್, ಮುದುಡುವ ಮುಂಭಾಗ ಇವೆಯಲ್ಲ ಎನ್ನಬಹುದು. ಎದುರಿನ ಡಿಕ್ಕಿಗೆ ಸರಿ. ಪಕ್ಕದಿಂದ ಗುದ್ದಿದರೆ ನಡುವೆ ಇರುವುದು ಬಾಗಿಲಿನ ದಪ್ಪವಷ್ಟೇ; ಎದೆ, ಸೊಂಟದ ಮೂಳೆಗೆ ಪೆಟ್ಟು ನೇರ.

ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಗೋರಾನ್ ನಿಲ್ಸನ್ ರೂಪಿಸಿದ ಅಂದಾಜು ಸೂತ್ರದಂತೆ, ಸರಾಸರಿ ವೇಗ 1% ಇಳಿದರೆ ಗಾಯದ ಅಪಘಾತ ಸುಮಾರು 2%, ಸಾವಿನ ಅಪಘಾತ 4% ಇಳಿಯುತ್ತದೆ. ಗಮನಿಸಿ, ಇಳಿಯಬೇಕಾದ್ದು ಓಡುವ ವೇಗ. ಬರೀ ಫಲಕ ಬದಲಿಸಿ ರಸ್ತೆ ಅಗಲವಾಗಿಯೇ ಇದ್ದರೆ ಚಾಲಕರು ಹಳೇ ವೇಗದ ಹತ್ತಿರವೇ ಓಡಿಸುತ್ತಾರೆ. ಉಬ್ಬು, ಕಿರಿದಾದ ಪಥ, ಕ್ಯಾಮೆರಾ ಜೊತೆಗಿರಬೇಕು.