ಶ್ಲೋಕಕ್ಕಿಂತ ಮೊದಲು ಒಂದು ಮುಷ್ಟಿ ಕಡಬು

ನಾಲ್ಕು ವರ್ಷದ ಮಗಳು ಊಟಕ್ಕೆ ಮುಂಚೆ ಶ್ಲೋಕ ಹೇಳು ಅಂದರೆ ಹಟ ಮಾಡುತ್ತಾಳೆ, ಗದರಿಸಿ ಹೇಳಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಸಿದ ಮಗುವಿಗೆ ಶ್ಲೋಕ ಊಟಕ್ಕೆ ಅಡ್ಡ ಬಂದ ಹಾಗೆ ಕಾಣುತ್ತೆ, ಅಲ್ವಾ?

ಮೊದಲು ಅವಳ ಕೈಗೆ ಕೆಲಸ ಕೊಡಿ. ನಮ್ಮ ವಿಜಯಪುರದ ಕಡೆ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಎಲ್ಲಾ ಇರುತ್ತೆ. ಆದರೆ ಮೊದಲು ಭೂಮಿತಾಯಿಗೆ ಪೂಜೆ. ಆಮೇಲೆ ನಿಂತ ಬೆಳೆಗೆ ಚರಗ ಚೆಲ್ಲುತ್ತೇವೆ, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ. ನಮ್ಮ ಊಟ ಅದಾದ ಮೇಲೆಯೇ. ನನ್ನ ಮಗ ಮೂರು ವರ್ಷದವನಿದ್ದಾಗ ಪುಟ್ಟ ಮುಷ್ಟಿಯಲ್ಲಿ ಕಡಬಿನ ಚೂರು ಹಿಡಿದು ಜೋಳದ ಸಾಲಿಗೆ ಎಸೆದ. "ಉಣ್ಣವ್ವಾ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಹೊಲ ಇಲ್ಲದಿದ್ದರೂ ಪರವಾಗಿಲ್ಲ. ದೇವರ ಮುಂದೆ ನೈವೇದ್ಯದ ಬಟ್ಟಲನ್ನು ಅವಳೇ ಇಡಲಿ. ಅಕ್ಕಿ ತೊಳೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಗದ್ದೆ, ಮಳೆ, ರೈತರ ಬಗ್ಗೆ ಮಾತಾಡಿ. ಮಳೆ ಯಾರು ಕೊಟ್ಟರು ಅಂತ ಅವಳೇ ಕೇಳುತ್ತಾಳೆ ನೋಡಿ. ಶ್ಲೋಕ ನೀವು ದಿನಾ ಹೇಳುತ್ತಿರಿ, ಕಿವಿಗೆ ಬೀಳಲಿ. ಅವಳಿಗೆ ಸದ್ಯಕ್ಕೆ "ದೇವರೇ, ಅನ್ನ ಕೊಟ್ಟೆ, ಖುಷಿ ಆಯ್ತು" ಅನ್ನುವಷ್ಟೇ ಸಾಕು.