ತೋಳಕ್ಕೆ ಮಾತು ಕೊಡಿ

ಪ್ರಿಯ ಲೇಖಕರೇ,

ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ಪುರಾಣದ ತೋಳ ಫೆನ್ರಿರ್ ಕುರಿತ ನಿಮ್ಮ ಕಥೆ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗದು. ಭಾಷೆ ಚೆನ್ನಾಗಿಯೇ ಇದೆ. ಆದರೆ ಕಥೆ ಇರುವ ಜಾಗವನ್ನು ಎರಡು ಪ್ಯಾರಾದಲ್ಲಿ ದಾಟಿಬಿಟ್ಟು, ಕೊನೆಯ ಯುದ್ಧಕ್ಕೆ ಆರು ಪುಟ ಸುರಿದಿದ್ದೀರಿ.

ಮೊದಲ ಸಾಲಿನಲ್ಲೇ ತೋಳ ಘೋರ, ಭೀಕರ, ರಕ್ತಪಿಪಾಸು. ಇನ್ನು ಅದು ಬೆಳೆಯುವುದೆಲ್ಲಿ? ಮೂಲದಲ್ಲಿ ಅದು ದೇವತೆಗಳ ಮನೆಯಲ್ಲೇ ಬೆಳೆದ ಮರಿ. ಕಪಟಿ ದೇವತೆ ಲೋಕಿಗೂ ದೈತ್ಯೆ ಅಂಗ್ರಬೋದಾಗೂ ಹುಟ್ಟಿದ ಮೂವರಲ್ಲಿ ಹಾವನ್ನು ಕಡಲಿಗೆ ಎಸೆದರು, ಹೆಲ್ ಎಂಬ ಮಗಳನ್ನು ಸತ್ತವರ ಲೋಕಕ್ಕೆ ತಳ್ಳಿದರು, ತೋಳವನ್ನು ಮಾತ್ರ ಸಾಕಿಕೊಂಡರು. ಹತ್ತಿರ ಹೋಗಿ ಊಟ ಹಾಕುವ ಧೈರ್ಯ ಇದ್ದದ್ದು ಟೀರ್ ಎಂಬ ಒಬ್ಬ ದೇವನಿಗೆ ಮಾತ್ರ. (ನೀವು ಬರೆದ ‘ಟೈರ್’ ಬೇಡ, ಲಾರಿ ಕಣ್ಣಮುಂದೆ ಬರುತ್ತದೆ.) ಮುಂದೆ ಬಲಗೈ ಕಳೆದುಕೊಳ್ಳುವವನೂ ಅವನೇ. ನಿಮ್ಮಲ್ಲಿ ಊಟ ಹಾಕುವ ದೃಶ್ಯವೇ ಇಲ್ಲ, ಹಾಗಾಗಿ ಕೈ ಹೋದಾಗ ಓದುಗರಿಗೆ ಏನೂ ಅನಿಸುವುದಿಲ್ಲ.

ಇನ್ನು ಕಟ್ಟುವ ಪ್ರಸಂಗ. ‘ದೇವತೆಗಳು ಮೋಸದಿಂದ ಕಟ್ಟಿದರು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. 13ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಸ್ನೊರ್ರಿ ಸ್ಟರ್ಲುಸನ್ ಬರೆದ ಗದ್ಯ ಎಡ್ಡಾ ಎಂಬ ಪುರಾಣಗ್ರಂಥ ತೆರೆದು ನೋಡಿ, ಅಲ್ಲಿ ಮೂರು ಸಲ ಕಟ್ಟುತ್ತಾರೆ. ಮೊದಲನೆಯದು ಲೇದಿಂಗ್ ಎಂಬ ಸಂಕೋಲೆ: ಇದು ತನ್ನ ಶಕ್ತಿಗೆ ಮೀರಿದ್ದಲ್ಲ ಎಂದು ತೋಳ ಒಪ್ಪಿತು, ಒಂದೇ ಒದೆತಕ್ಕೆ ಹರಿಯಿತು. ಎರಡನೆಯದು ದ್ರೋಮಿ, ಅದರ ಎರಡರಷ್ಟು ಗಟ್ಟಿ. ತೋಳ ಅಳೆದು ನೋಡುತ್ತದೆ: ಹಿಂದಿನದನ್ನು ಹರಿದ ಮೇಲೆ ನಾನೂ ಬೆಳೆದಿದ್ದೇನೆ, ಅಪಾಯಕ್ಕೆ ಮೈಯೊಡ್ಡದೆ ಹೆಸರು ಬರುವುದಿಲ್ಲ. ಮೂರನೆಯದು ಕುಳ್ಳರು ಮಾಡಿಕೊಟ್ಟ ಗ್ಲೈಪ್ನಿರ್, ರೇಷ್ಮೆಯ ಪಟ್ಟಿಯಷ್ಟು ನಯ. ಇದನ್ನು ಕಂಡೇ ತೋಳಕ್ಕೆ ಅನುಮಾನ. ಇಷ್ಟು ತೆಳುವಾದದ್ದನ್ನು ಹರಿದರೆ ಹೆಸರೇನು ಬಂತು, ಮಾಟದಿಂದ ಮಾಡಿದ್ದಾದರೆ ನನ್ನ ಕಾಲಿಗೆ ಬೇಡ ಎನ್ನುತ್ತದೆ. ಹರಿಯಲಾಗದಿದ್ದರೆ ನಿನ್ನಿಂದ ನಮಗೆ ಭಯವಿಲ್ಲ, ಬಿಡಿಸುತ್ತೇವೆ ಎಂದು ದೇವತೆಗಳು. ಹಾಗಾದರೆ ಒಬ್ಬರು ನನ್ನ ಬಾಯಲ್ಲಿ ಕೈಯಿಡಿ ಎಂದು ತೋಳ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಕೊನೆಗೆ ಟೀರ್ ತನ್ನ ಬಲಗೈ ಇಡುತ್ತಾನೆ. ಇಡೀ ಪುರಾಣದಲ್ಲಿ ಇಷ್ಟು ಬಿಗಿಯಾದ ಮಾತುಕತೆ ಅಪರೂಪ. ನಿಮ್ಮ ತೋಳ ಬರೀ ಗುರುಗುಟ್ಟುತ್ತದೆ. ಅದಕ್ಕೆ ಮಾತು ಕೊಡಿ, ಮೂರು ಪುಟ ಕೊಡಿ. ಮೋಸ ಗೊತ್ತಿದ್ದೂ ಹೇಡಿ ಅನ್ನಿಸಿಕೊಳ್ಳಲಾರದೆ ಸಿಕ್ಕಿಬೀಳುವ ಪ್ರಾಣಿ ಅದು. ಕಟ್ಟು ಬಿಗಿದಾಗ ನಕ್ಕವರ ನಡುವೆ ನಗದವನು ಟೀರ್ ಒಬ್ಬನೇ ಎಂಬುದೂ ಅಲ್ಲೇ ಸಿಗುತ್ತದೆ.

ಗ್ಲೈಪ್ನಿರ್‌ನ ಸಾಮಗ್ರಿ ಆರು: ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು. ನೀವು ಐದೇ ಬರೆದಿದ್ದೀರಿ. ಕರಡಿಗೆ ನರ ಇದ್ದೇ ಇದೆಯಲ್ಲ, ‘ಇಲ್ಲದ ವಸ್ತುಗಳ’ ಪಟ್ಟಿಗೆ ಹೊಂದದು ಎಂದು ಬಿಟ್ಟಿರಬೇಕು. ಮೂಲದ ಸೊಟ್ಟವನ್ನು ತಿದ್ದಬೇಡಿ, ಹಾಗೇ ಇರಲಿ. ನೀವು ಸೇರಿಸಿದ ಮಿಂಚಿನ ಸರಪಳಿ ತೆಗೆಯಿರಿ. ಇಂದ್ರಸಭೆಯ ವರ್ಣನೆಯೂ ಬೇಡ, ಅದು ಬಂದೊಡನೆ ಓದುಗರು ಯಕ್ಷಗಾನದ ಒಡ್ಡೋಲಗಕ್ಕೆ ಕಾಯುತ್ತಾರೆ.

ದೊಡ್ಡ ತಪ್ಪು ಕೊನೆಯಲ್ಲಿದೆ. ತೋಳವನ್ನು ಕೊಲ್ಲುವುದು ಗುಡುಗಿನ ದೇವತೆ ಥೋರ್ ಅಲ್ಲ, ಅವನ ಪಾಲಿನ ಎದುರಾಳಿ ಹಾವು. ದೇವತೆಗಳ ಒಡೆಯ ಓಡಿನ್‌ನನ್ನು ತೋಳ ನುಂಗುತ್ತದೆ, ಸೇಡು ತೀರಿಸುವುದು ಅವನ ಮಗ ವಿದಾರ್. ಹೇಗೆ ಎನ್ನುವುದರಲ್ಲಿ ಎರಡು ಪಾಠಾಂತರಗಳಿವೆ. ಹಳೆಯ ಕಾವ್ಯ ವೊಲುಸ್ಪಾದಲ್ಲಿ ಕತ್ತಿಯಿಂದ ಎದೆಗೆ ಇರಿಯುತ್ತಾನೆ. ಸ್ನೊರ್ರಿಯಲ್ಲಿ ಕೆಳದವಡೆ ಮೆಟ್ಟಿ ಮೇಲ್ದವಡೆ ಹಿಡಿದು ಬಾಯಿ ಸೀಳುತ್ತಾನೆ. ಎರಡನ್ನೂ ಬೆರೆಸಬೇಡಿ. ನಿಮಗೆ ಎರಡನೆಯದೇ ಒಳ್ಳೆಯದು, ಏಕೆಂದರೆ ಅದರ ಜೊತೆ ದವಡೆ ಮೆಟ್ಟುವ ಒಂದು ಬೂಟು ಬರುತ್ತದೆ. ಜನ ಪಾದರಕ್ಷೆ ಮಾಡುವಾಗ ಬೆರಳು, ಹಿಮ್ಮಡಿಯ ಕಡೆ ಕತ್ತರಿಸಿ ಎಸೆದ ಚರ್ಮದ ಚೂರುಗಳನ್ನು ಯುಗಯುಗಾಂತರದಿಂದ ಕೂಡಿಸಿ ಆದದ್ದು ಅದು. ಈ ಚೂರುಗಳನ್ನು ಮೊದಲ ಪುಟದಲ್ಲೇ ಯಾರಾದರೂ ಎಸೆಯಲಿ, ಕಾರಣ ಹೇಳಬೇಡಿ.

ಯುದ್ಧ ಒಂದು ಪುಟಕ್ಕಿಳಿಯಲಿ, ಒಟ್ಟು 2,000 ಪದ ಮೀರದಿರಲಿ. ಹೆಸರುಗಳ ಕಾಗುಣಿತ ಒಂದೇ ರೀತಿ ಇರಲಿ. ಈಗ ಫೆನ್ರಿರ್, ಫೆನ್ರಿಸ್, ಫೆನ್ರೀರ್ ಮೂರೂ ಇವೆ. ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.

— ಸಂಪಾದಕರು