ಓದು ಮುಗಿದ ಮೇಲೆ ಗೈಡ್‌ಗೆ ಫೋನ್ ಮಾಡಲು ಕಾರಣ ಬೇಕಾ?

ಎಂ.ಎಸ್ಸಿ. ಮುಗಿದು ನಾಲ್ಕು ತಿಂಗಳಾಯ್ತು, ಕಾರಣವಿಲ್ಲದೆ ಗೈಡ್‌ಗೆ, ಅಂದರೆ ಥೀಸಿಸ್ ಮಾಡಿಸಿದ ಮೇಷ್ಟ್ರಿಗೆ, ಫೋನ್ ಮಾಡಿದರೆ ಅವರಿಗೆ ತೊಂದರೆ ಅಲ್ವಾ, ‘ವೃತ್ತಿಪರ ಸಂಬಂಧ ಕಾಪಾಡಿಕೊಳ್ಳುವುದಕ್ಕೆ’ ಲಿಂಕ್ಡ್‌ಇನ್‌ನಲ್ಲಿ ಇದ್ದರೆ ಸಾಲದಾ ಅಂತ ಕೇಳಿದ್ದೀರಿ. ಈ ‘ತೊಂದರೆ’ ಅನ್ನೋ ಮಾತನ್ನು ನಾನೂ ಮೂರು ವರ್ಷ ಹೇಳಿಕೊಂಡಿದ್ದೆ.

2014ರಲ್ಲಿ ಧಾರವಾಡದಲ್ಲಿ ಎಂ.ಎಸ್ಸಿ. ಕೃಷಿ ಮುಗಿಸಿದೆ. ವಿಷಯ ಮಣ್ಣು ವಿಜ್ಞಾನ. ಗೋವಿನಜೋಳದ ಹೊಲಗಳಲ್ಲಿ ಝಿಂಕ್ (ಸತು, ಬೆಳೆಗೆ ಬೇಕಾದ ಒಂದು ಪೋಷಕಾಂಶ) ಎಷ್ಟಿದೆ ಅಂತ ನೋಡುವುದು ನನ್ನ ಥೀಸಿಸ್. ಎರೆಹೊಲದಲ್ಲಿ 15 ಸೆಂ.ಮೀ. ಆಳದ ತನಕ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದು, ಮಣ್ಣಿನಿಂದ ಝಿಂಕ್ ಬಿಡಿಸುವ ಡಿಟಿಪಿಎ ದ್ರಾವಣ ಹಾಕಿ 2 ಗಂಟೆ ಅಲುಗಾಡಿಸಿ, ಆಮೇಲೆ ರೀಡಿಂಗ್. 0.6 ಪಿಪಿಎಂಗಿಂತ (ಹತ್ತು ಲಕ್ಷ ಭಾಗಕ್ಕೆ 0.6 ಭಾಗ) ಕಡಿಮೆ ಬಂದರೆ ಆ ಹೊಲದಲ್ಲಿ ಕೊರತೆ ಅಂತ ಲೆಕ್ಕ. ಪ್ರತಿ ಅಂಕಿಯನ್ನೂ ನನ್ನ ಗೈಡ್ ಸರ್ ನನ್ನ ಪಕ್ಕ ಕೂತು ನೋಡಿದ್ದರು. ಹೊರಡುವ ದಿನ ಒಂದೇ ಮಾತು ಹೇಳಿದರು: “ಆ ಝಿಂಕಿನ ಭಾಗ ಪೇಪರ್ ಮಾಡಿ ಕಳಸಪಾ, ನಾ ತಿದ್ದತೀನಿ.” ಪೇಪರ್ ಅಂದರೆ ಜರ್ನಲ್‌ಗೆ ಕಳಿಸುವ ಸಂಶೋಧನಾ ಲೇಖನ. ಹೂಂ ಸರ್ ಅಂದೆ.

ಮುಂದಿನ ತಿಂಗಳೇ ಗೊಬ್ಬರದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ದಿನಾ ಡೀಲರ್ ಅಂಗಡಿ, ರೈತರ ಮೀಟಿಂಗ್, ಬೈಕ್ ಮೇಲೆ ಊರೂರು ಸುತ್ತಾಟ. ಪೇಪರ್ ಬರೆಯಲಿಲ್ಲ. ಅದು ನನ್ನ ತಪ್ಪಲ್ಲ, ಅಂದರೆ ದೊಡ್ಡ ತಪ್ಪು ಅದಲ್ಲ. ಕೆಲಸಕ್ಕೆ ಸೇರಿದವರಲ್ಲಿ ಎಷ್ಟೋ ಜನ ಬರೆಯುವುದಿಲ್ಲ. ಬರೆದಿಲ್ಲ ಅಂತ ಹೇಳದೇ ಇದ್ದದ್ದು ತಪ್ಪು. ಪೇಪರ್ ಮುಗಿಸಿಯೇ ಫೋನ್ ಮಾಡೋಣ, ಖಾಲಿ ಕೈಯಲ್ಲಿ ಏನು ಮಾತಾಡೋದು ಅಂದುಕೊಂಡೆ. ಒಂದು ತಿಂಗಳಾದಾಗ ಸ್ವಲ್ಪ ನಾಚಿಕೆ ಇತ್ತು, ಆರು ತಿಂಗಳಾದಾಗ ಜಾಸ್ತಿಯಾಯ್ತು, ವರ್ಷ ಕಳೆದ ಮೇಲೆ ಅವರ ಹೆಸರು ಫೋನ್‌ನಲ್ಲಿ ಕಂಡರೇ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಒಂದು ಸಲ ಅವರೇ ಫೋನ್ ಮಾಡಿದರು. ಡೀಲರ್ ಮೀಟಿಂಗ್‌ನಲ್ಲಿದ್ದೆ, ಎತ್ತಲಿಲ್ಲ. ಸಂಜೆ ನಾನೇ ಮಾಡಬಹುದಿತ್ತು, ಮಾಡಲಿಲ್ಲ. ದೀಪಾವಳಿಗೆ ಶುಭಾಶಯ ಟೈಪ್ ಮಾಡಿ ಅಳಿಸಿದೆ. ‘ಸರ್, ಕೆಲಸದಲ್ಲಿದ್ದೀನಿ, ಪೇಪರ್ ಆಗಿಲ್ಲ, ಚೆನ್ನಾಗಿದ್ದೀರಾ?’ ಇಷ್ಟು ಸಾಕಿತ್ತು. ಅರ್ಧ ನಿಮಿಷದ ಕೆಲಸ.

2017ರಲ್ಲಿ ಅಮೆರಿಕದಲ್ಲಿ ಪಿಎಚ್‌.ಡಿ. ಮಾಡೋಣ ಅಂತ ಹೊರಟೆ. ಅಲ್ಲಿ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಅದಕ್ಕೆ ಲಿಂಕ್ ನೇರ ಪತ್ರ ಬರೆಯುವವರಿಗೇ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ನನಗೆ ಬೇಕಿದ್ದ ಕಡೆ ಡಿಸೆಂಬರ್ 15 ಕೊನೆಯ ದಿನ. ಸರ್‌ಗೆ ಬರೆದದ್ದು ಡಿಸೆಂಬರ್ 6ಕ್ಕೆ, ಅದೂ ಕಚೇರಿಯ ಇಮೇಲ್‌ಗೆ, ಯಾಕೆಂದರೆ ಫೋನ್ ಮಾಡುವ ಮುಖ ಇರಲಿಲ್ಲ. ಉತ್ತರ ಬರಲಿಲ್ಲ. ಕೋಪ ಬಂದಿರಬೇಕು ಅಂದುಕೊಂಡೆ. 14ಕ್ಕೆ ಲ್ಯಾಬ್‌ನ ಕಾಕಾಗೆ ಫೋನ್ ಮಾಡಿದೆ. “ಸರ್ ರಿಟೈರ್ ಆಗಿ ಆರ್ ತಿಂಗಳಾತಲ್ಲೋ ತಮ್ಮಾ, ನಿನಗ ಗೊತ್ತಿಲ್ಲೇನು?” ಅಂದರು.

ಗೊತ್ತಿರಲಿಲ್ಲ. ಎರಡು ವರ್ಷ ನನಗೆ ಕಲಿಸಿದವರು ನಿವೃತ್ತರಾದದ್ದು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಫೋನ್ ಮಾಡಿದೆ. ಮೊದಲ ರಿಂಗ್‌ಗೇ ಎತ್ತಿದರು. ಬೈತಾರೆ ಅಂತ ಕಾಯುತ್ತಿದ್ದೆ. “ಎಲ್ಲಿದ್ದಿಯಪಾ? ಆ ಝಿಂಕಿನ ಡೇಟಾ ಏನಾತು?” ಅಂತ ಕೇಳಿದರು. ಮೂರು ವರ್ಷ ಆದಮೇಲೂ ಅದು ನೆನಪಿತ್ತು. ಪತ್ರ ಬರೆಯುತ್ತೇನೆ ಅಂದರು, ಆದರೆ ಮಗಳ ಊರಿನಲ್ಲಿದ್ದರು, ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಉಳಿದ ಎರಡು ಪತ್ರ ಹೋಗಿದ್ದವು, ಅವರದು ಹೊತ್ತಿಗೆ ಹೋಗಲಿಲ್ಲ. ನನಗೆ ಒಂದು ವರ್ಷ ಹೋಯ್ತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ಅವರ ಮನೆಗೆ ಹೋಗಿ ಅಂಕಪಟ್ಟಿ, ಥೀಸಿಸ್, ಯಾವ ವಿಶ್ವವಿದ್ಯಾಲಯಕ್ಕೆ ಯಾವ ದಿನಾಂಕ ಅನ್ನುವ ಪಟ್ಟಿ ಎಲ್ಲ ಕೊಟ್ಟು ಬಂದೆ. ಆ ಸಲ ಸೀಟು ಸಿಕ್ಕಿತು.

ಅದಕ್ಕೇ ಹೇಳ್ತೀನಿ, ‘ವೃತ್ತಿಪರ ಸಂಬಂಧ ಕಾಪಾಡಿಕೊಳ್ಳುವುದು’ ಅನ್ನೋ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ಯೋಚಿಸಿದರೆ ಫೋನ್ ಮಾಡುವಾಗೆಲ್ಲ ಏನೋ ಕೇಳಲು ಹೊರಟ ಹಾಗೆ ಅನಿಸುತ್ತದೆ, ಕೈ ಹಿಂದೆ ಬರುತ್ತದೆ. ತಾವು ಕಲಿಸಿದ ಹುಡುಗ ಎಲ್ಲಿದ್ದಾನೆ, ಆ ಕೆಲಸ ಏನಾಯ್ತು ಅಂತ ತಿಳಿಯುವ ಆಸೆ ಮೇಷ್ಟ್ರಿಗೆ ಇದ್ದೇ ಇರುತ್ತದೆ. ಲಿಂಕ್ಡ್‌ಇನ್ ಬರೀ ವಿಳಾಸದ ಪುಸ್ತಕ, ಇರಲಿ. ದಿನಾ ಗುಡ್ ಮಾರ್ನಿಂಗ್ ಚಿತ್ರ ಮಾತ್ರ ದಯವಿಟ್ಟು ಕಳಿಸಬೇಡಿ. ಹೊಲದಲ್ಲೋ ಲ್ಯಾಬ್‌ನಲ್ಲೋ ಏನಾದರೂ ಕಂಡರೆ ಒಂದು ಫೋಟೋ, ಎರಡು ಸಾಲು ಕಳಿಸಿ. ಕಾಲೇಜಿನ ಇಮೇಲ್ ಸಾಲದು, ಅವರ ಸ್ವಂತ ಇಮೇಲ್ ಇಸ್ಕೊಳ್ಳಿ. ಲ್ಯಾಬ್‌ನವರನ್ನೂ ಮರೀಬೇಡಿ, ನನಗೆ ಆ ದಿನ ದಾರಿ ತೋರಿಸಿದ್ದು ಕಾಕಾ. ನಾನಂತೂ ಊರಿನಲ್ಲಿದ್ದರೆ ಧಾರವಾಡದ ಕೃಷಿ ಮೇಳಕ್ಕೆ ತಪ್ಪದೆ ಹೋಗುತ್ತೇನೆ, ಅರ್ಧ ಜನ ಅಲ್ಲೇ ಸಿಗುತ್ತಾರೆ.

ನಿಮಗಿನ್ನೂ ನಾಲ್ಕೇ ತಿಂಗಳು. ಮಾತು ಕೊಟ್ಟು ಮಾಡದೇ ಬಿಟ್ಟ ಕೆಲಸ ಏನಾದರೂ ಇದ್ದರೆ, ಅದು ಆಗಿಲ್ಲ ಅಂತ ಹೇಳೋಕಾದರೂ ಇವತ್ತು ಸಂಜೆ ಫೋನ್ ಮಾಡಿ.